‘ಬರಂಗಿಲ್ಲಂತ್ರೀ ಮೇಡಂ’: ಸ್ಕಾಲರ್‌ಶಿಪ್ ಟೇಬಲ್ಲಿನ ಮುಂದೆ ಹತ್ತು ತಿಂಗಳು

ಹೋದ ವರ್ಷ ಜುಲೈ ಎರಡನೇ ವಾರ. ಪ್ರಿನ್ಸಿಪಾಲರು ಕರೆದು, ‘ಈ ಸಲ ಸ್ಕಾಲರ್‌ಶಿಪ್ ಕೆಲಸ ನೀವು ನೋಡ್ಕೊಳ್ಳಿ ಮೇಡಂ’ ಅಂದರು. ಅಲ್ಲಿಯವರೆಗೆ ಅದನ್ನು ನೋಡುತ್ತಿದ್ದ ಸರ್ ಬೇರೆ ಜಿಲ್ಲೆಗೆ ವರ್ಗವಾಗಿದ್ದರು. ನನ್ನ ಕೈಗೆ ಬಂದಿದ್ದು ಎರಡು ಫೈಲು, ಒಂದು ರಿಜಿಸ್ಟರು, ಪಾಸ್‌ವರ್ಡ್ ಬರೆದ ಒಂದು ಚೀಟಿ. ಅಷ್ಟೇ. ಈ ವಾರ ಆ ಸಾಲಿನ ಕೆಲಸ ಒಂದು ಹಂತಕ್ಕೆ ಬಂತು. ಮೊದಲೇ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಎಷ್ಟೋ ಮಕ್ಕಳ ಓಡಾಟ ತಪ್ಪುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಹಾಗೆ ಈ ಕೆಲಸ ಹೊಸದಾಗಿ ಬಂದ ಉಪನ್ಯಾಸಕರು, ಕಾಲೇಜು ಆಫೀಸಿನವರು ಓದಲಿ. ಅರ್ಜಿ ಹಾಕುವ ಮಕ್ಕಳೂ ಓದಲಿ.

ನಮ್ಮದು ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ನಾನು ಇತಿಹಾಸ ಪಾಠ ಮಾಡುತ್ತೇನೆ. ಮಕ್ಕಳು ಸುತ್ತಲಿನ ಹಳ್ಳಿ, ತಾಂಡಾಗಳಿಂದ ಬರುತ್ತಾರೆ. ಬಹಳಷ್ಟು ಮನೆಗಳಲ್ಲಿ ಡಿಗ್ರಿಗೆ ಬಂದವರಲ್ಲಿ ಅವರೇ ಮೊದಲು. ಎಷ್ಟೋ ಮಕ್ಕಳ ಅಪ್ಪ ಅಮ್ಮ ವರ್ಷದಲ್ಲಿ ಆರೇಳು ತಿಂಗಳು ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿರುತ್ತಾರೆ. ಮನೆಯಲ್ಲಿ ಅಜ್ಜಿ, ತಮ್ಮ ತಂಗಿಯರು. ರೇಷನ್ ತರುವುದರಿಂದ ಹಿಡಿದು ಕಾಲೇಜಿನ ಅರ್ಜಿವರೆಗೆ ಎಲ್ಲ ಆ ಹದಿನೆಂಟು ವರ್ಷದ ಹುಡುಗ ಹುಡುಗಿಯರ ಮೇಲೆಯೇ.

ನಾನು ಮೊದಲ ವಾರವೇ ಒಂದು ತಪ್ಪು ಮಾಡಿದೆ. ಸುತ್ತೋಲೆಯನ್ನು ನೋಟಿಸ್ ಬೋರ್ಡಿಗೆ ಹಚ್ಚಿಸಿದೆ. ಕ್ಲಾಸಿಗೆ ಹೋಗಿ, ‘ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕೋಕೆ ಯಾರಿಗಾದರೂ ತೊಂದರೆ ಇದೆಯಾ?’ ಅಂತ ಕೇಳಿದೆ. ಒಬ್ಬರೂ ಕೈ ಎತ್ತಲಿಲ್ಲ. ಹಾಗಾದರೆ ಎಲ್ಲ ಸರಿಯಿದೆ ಅಂದುಕೊಂಡು ಬಂದುಬಿಟ್ಟೆ. ಹದಿನೈದು ದಿನ ಬಿಟ್ಟು ನೋಡಿದರೆ ಮೊದಲ ವರ್ಷದ 140 ಮಕ್ಕಳಲ್ಲಿ ಅರ್ಜಿ ಪೂರ್ತಿ ಮಾಡಿದವರು 31.

ಎಸ್‌ಎಸ್‌ಪಿ ಅಂದರೆ ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲ್. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆ, ಹೀಗೆ ಬೇರೆ ಬೇರೆ ಇಲಾಖೆಗಳ ವಿದ್ಯಾರ್ಥಿವೇತನಕ್ಕೆ ಅಲ್ಲೇ ಅರ್ಜಿ ಹಾಕಬೇಕು. ಮಕ್ಕಳಿಗೆ ಇದು ಗೊತ್ತಿತ್ತು. ಆದರೆ ಅರ್ಜಿ ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಅಂತ ಐವತ್ತು ಜನರ ಮುಂದೆ ಎದ್ದು ಹೇಳುವ ಧೈರ್ಯ ಅವರಿಗೆ ಇರಲಿಲ್ಲ. ಕೆಲವರಿಗೆ ಅದು ಬಡತನವನ್ನು ಎದ್ದು ಹೇಳಿದ ಹಾಗೆ. ಹುಡುಗಿಯರ ಮುಂದೆ ಹುಡುಗರು ಹೇಳಲ್ಲ. ಹುಡುಗರ ಮುಂದೆ ಹುಡುಗಿಯರು ಹೇಳಲ್ಲ.

ನಾನು ಇದನ್ನು ತಿಳಿದಿರಬೇಕಿತ್ತು. 2006ರಲ್ಲಿ ನಾನು ಬಿ.ಎ. ಸೇರಿದಾಗ ಎಲ್ಲ ಕಾಗದದ ಅರ್ಜಿ. ಕೌಂಟರಿನಲ್ಲಿದ್ದವರು ನನ್ನ ಅರ್ಜಿ ನೋಡಿ, ‘ಇದು ಸರಿ ಇಲ್ಲ, ನಿಮ್ಮಪ್ಪನ್ನ ಕರ್ಕೊಂಡು ಬಾ’ ಅಂದಿದ್ದರು. ನನ್ನಪ್ಪ ಎಪಿಎಂಸಿಯಲ್ಲಿ ಹಮಾಲಿ. ಒಂದು ದಿನದ ಕೂಲಿ ಬಿಟ್ಟು ಬಂದರು. ಆಫೀಸಿನ ಒಳಗೆ ಬರಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಯಾರೂ ಅವರನ್ನು ಒಳಗೆ ಕರೆಯಲಿಲ್ಲ. ಆ ವರ್ಷ ನಾನು ಅರ್ಜಿಯನ್ನು ಮತ್ತೆ ಕೊಡಲೇ ಇಲ್ಲ. ಏನು ಸರಿ ಇರಲಿಲ್ಲ ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.

ಆಗಸ್ಟ್ ಎರಡನೇ ವಾರದಿಂದ ಲೈಬ್ರರಿಯ ಮೂಲೆಯಲ್ಲಿ ಒಂದು ಟೇಬಲ್ ಹಾಕಿಸಿದೆ. ಎದುರಿಗೆ ಎರಡು ಕುರ್ಚಿ, ಯಾಕೆಂದರೆ ಮಗು ಒಬ್ಬೊಬ್ಬರೇ ಬರಲು ಹೆದರಿದರೆ ಜೊತೆಗೆ ಗೆಳತಿ ಬರಲಿ ಅಂತ. ರೋಲ್ ನಂಬರ್ ಪ್ರಕಾರ ದಿನಕ್ಕೆ ಎಂಟು ಜನರನ್ನು ಕರೆದೆ. ‘ತೊಂದರೆ ಇದೆಯಾ’ ಅನ್ನುವ ಪ್ರಶ್ನೆ ಬಿಟ್ಟುಬಿಟ್ಟೆ. ‘ಫೋನ್ ತೆಗಿ, ನಿನ್ನ ಅರ್ಜಿ ಎಲ್ಲಿವರೆಗೆ ಬಂದಿದೆ ಇಬ್ಬರೂ ನೋಡೋಣ’ ಅಂದೆ. ಆಮೇಲೆ ಮಾತು ಬಂತು. ಹೊಸಬರಿಗೆ ನನ್ನ ಮೊದಲ ಸಲಹೆ ಇದೇ: ಮಕ್ಕಳು ಬಂದು ಕೇಳಲಿ ಅಂತ ಕಾಯಬೇಡಿ. ಪಟ್ಟಿ ಹಿಡಿದು ನೀವೇ ಕರೆಯಿರಿ.

ಮೊದಲು ಎದುರಾಗಿದ್ದು ಓಟಿಪಿ. ಲಾಗಿನ್ ಮಾಡಿಕೊಳ್ಳಲು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ. ನಮ್ಮ ಮಕ್ಕಳ ಆಧಾರ್ ಮಾಡಿಸಿದ್ದು ಅವರು ಮೂರನೇ ನಾಲ್ಕನೇ ಕ್ಲಾಸಿನಲ್ಲಿದ್ದಾಗ. ಆಗ ಕೊಟ್ಟ ನಂಬರ್ ಅಪ್ಪನದೋ, ಮಾವನದೋ, ಕಿರಾಣಿ ಅಂಗಡಿಯವನದೋ. ಎಷ್ಟೋ ನಂಬರ್ ಈಗ ಇಲ್ಲವೇ ಇಲ್ಲ.

ಬಿ.ಎ. ಮೊದಲ ವರ್ಷದ ಒಬ್ಬ ಹುಡುಗ ಇದ್ದ. ಅವನ ಆಧಾರ್‌ನಲ್ಲಿ ಇದ್ದದ್ದು ಅಪ್ಪನ ನಂಬರ್. ಅಪ್ಪ ಬೆಂಗಳೂರಿನ ಮಾರತ್ತಹಳ್ಳಿ ಕಡೆ ಕಟ್ಟಡ ಕೆಲಸದಲ್ಲಿ. ‘ನಮ್ಮಪ್ಪ ಕೆಲಸದ ಹೊತ್ತಿನ್ಯಾಗ ಫೋನ್ ಶೆಡ್ಡಿನ್ಯಾಗ ಇಟ್ಟು ಹೋಗ್ತಾನ್ರೀ. ಮಧ್ಯಾಹ್ನ ಊಟಕ್ಕ ಬಂದಾಗ ಸಿಗ್ತಾನ್ರೀ’ ಅಂದ. ಸರಿ, ಮಧ್ಯಾಹ್ನ ಒಂದು ಗಂಟೆಗೆ ನನ್ನ ಟೇಬಲ್ಲಿಗೆ ಬಾ ಅಂದೆ. ಮೊದಲ ದಿನ ಅಪ್ಪ ಫೋನ್ ಎತ್ತಲಿಲ್ಲ. ಎರಡನೇ ದಿನ ಎತ್ತಿದರು, ಆದರೆ ಮೆಸೇಜ್ ಎಲ್ಲಿ ತೆರೆಯಬೇಕು ಅಂತ ತಿಳಿಯದೆ ಹೊತ್ತು ಮೀರಿತು. ಮೂರನೇ ದಿನ ಮೆಸೇಜ್ ತೆರೆದರು, ಓಟಿಪಿ ಮಾತ್ರ ಹೇಳಲು ಒಪ್ಪಲಿಲ್ಲ. ಅವರ ಜೊತೆ ಕೆಲಸ ಮಾಡುವವನೊಬ್ಬ ಯಾರಿಗೋ ಓಟಿಪಿ ಹೇಳಿ ದುಡ್ಡು ಕಳೆದುಕೊಂಡಿದ್ದನಂತೆ. ಮಗನೇ ಕೇಳಿದರೂ, ‘ಯಾರೋ ಬಾಜೂಕ ಕುಂತು ಕೇಳಸಾಕ್ ಹತ್ಯಾರ’ ಅಂತ ಅವರಿಗೆ ಅನುಮಾನ.

ಫೋನ್ ನಾನು ತೆಗೆದುಕೊಂಡೆ. ‘ಅಣ್ಣಾರ, ನೀವು ಮಾಡಿದ್ದು ಸರಿ ಇದೆ. ಯಾರು ಕೇಳಿದರೂ ಹೇಳಬಾರದು. ನನಗೂ ಹೇಳಬೇಡಿ. ನಾನು ಎದ್ದು ಹೊರಗೆ ಹೋಗ್ತೀನಿ, ನಿಮ್ಮ ಮಗನಿಗೆ ಮಾತ್ರ ಹೇಳಿ’ ಅಂದೆ. ಹೊರಗೆ ಹೋಗಿ ನಿಂತೆ. ನಾಲ್ಕನೇ ದಿನ ಅವರೇ ಊಟಕ್ಕೆ ಮೊದಲು ಫೋನ್ ಮಾಡಿದರು. ಒಂದೊಂದೇ ಅಂಕಿ ಎರಡೆರಡು ಸಲ ಹೇಳಿದರು. ಲಾಗಿನ್ ಆಯಿತು. ಕೊನೆಗೆ ಅವರು ಮಗನಿಗೆ ಹೇಳಿದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು: ‘ಮೇಡಂನೋರ ಕೈ ಬಿಡಬ್ಯಾಡ.’

ಇದರಿಂದ ಕಲಿತದ್ದು, ಪಿಯುಸಿ ಫಲಿತಾಂಶ ಬಂದ ತಕ್ಷಣ, ಡಿಗ್ರಿಗೆ ಸೇರುವ ಮೊದಲೇ, ಆಧಾರ್ ಕೇಂದ್ರಕ್ಕೆ ಹೋಗಿ ನಿಮ್ಮದೇ ನಂಬರ್ ಹಾಕಿಸಿಕೊಳ್ಳಿ. ಮೊಬೈಲ್ ನಂಬರ್ ಬದಲಿಸಲು ಬೇರೆ ದಾಖಲೆ ಕೇಳುವುದಿಲ್ಲ, ಬೆರಳಚ್ಚು ಸಾಕು. ನೂರು ರೂಪಾಯಿಯೊಳಗೆ ಮುಗಿಯುತ್ತದೆ. ಹಳ್ಳಿಯಲ್ಲಿ ಕೇಂದ್ರ ದೂರ ಇದ್ದರೆ ಅಂಚೆ ಕಚೇರಿಯಲ್ಲಿ ವಿಚಾರಿಸಿ. ನಮ್ಮ ಕಡೆ ಒಬ್ಬ ಪೋಸ್ಟ್‌ಮ್ಯಾನ್ ಕಾಲೇಜಿಗೇ ಬಂದು ಒಂದೇ ದಿನ 26 ಮಕ್ಕಳ ನಂಬರ್ ಬದಲಿಸಿಕೊಟ್ಟರು. ಆ ನಂಬರನ್ನು ಮಾತ್ರ ಮೂರು ವರ್ಷ ಬದಲಿಸಬೇಡಿ. ಆಫರ್ ಬಂತು ಅಂತ ಹೊಸ ಸಿಮ್ ತೆಗೆದುಕೊಂಡು ಹಳೆಯದನ್ನು ಎಸೆದ ಮಕ್ಕಳನ್ನು ಮತ್ತೆ ಮೊದಲಿನಿಂದ ಓಡಾಡಿಸಬೇಕಾಯಿತು.

ಆಮೇಲೆ ಜಾತಿ ಮತ್ತು ಆದಾಯ ಪ್ರಮಾಣ ಪತ್ರ. ಅರ್ಜಿಯಲ್ಲಿ ಆ ಪತ್ರದ ಆರ್‌ಡಿ ನಂಬರ್, ಅಂದರೆ ಪತ್ರದ ಮೇಲೆ ‘ಆರ್‌ಡಿ’ ಅಂತ ಶುರುವಾಗುವ ನಂಬರ್ ಹಾಕಬೇಕು. ಆದಾಯ ಪತ್ರದ ಅವಧಿ 5 ವರ್ಷ. ನಮ್ಮ ಮಕ್ಕಳಲ್ಲಿ ಬಹಳ ಜನ ಅದನ್ನು ಮಾಡಿಸಿದ್ದು ಎಂಟನೇ ಕ್ಲಾಸಿನಲ್ಲಿ. ಲೆಕ್ಕ ಹಾಕಿ ನೋಡಿ, ಸರಿಯಾಗಿ ಡಿಗ್ರಿ ಮೊದಲ ವರ್ಷಕ್ಕೆ ಅದು ಮುಗಿಯುತ್ತದೆ. ಯಾರೂ ನೆನಪಿಸುವುದಿಲ್ಲ. ಅರ್ಜಿಯಲ್ಲಿ ನಂಬರ್ ಹಾಕಿದಾಗ ಇಂಗ್ಲಿಷಿನಲ್ಲಿ ಒಂದು ಕೆಂಪು ಸಾಲು ಬರುತ್ತದೆ.

ಇನ್ನೊಂದು ಹೆಸರಿನ ತಾಪತ್ರಯ. ಆಧಾರ್‌ನಲ್ಲಿ ಹೆಸರಿನ ಜೊತೆ ಅಪ್ಪನ ಹೆಸರು ಇರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಹೆಸರು. ಜಾತಿ ಪತ್ರದಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಬೇರೆ, ‘ಎಸ್’ ಒಂದು ಇರಬೇಕಾದ ಕಡೆ ಎರಡು. ನೀವು ಯಾವುದನ್ನಾದರೂ ತಿದ್ದಿಸಲು ಹೊರಡುವ ಮೊದಲು ಮೂರನ್ನೂ ಟೇಬಲ್ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ತಿದ್ದಿಸುವುದು ಕಷ್ಟ. ಆದ್ದರಿಂದ ಅದರಲ್ಲಿ ಇರುವ ಹೆಸರಿಗೇ ಆಧಾರನ್ನೂ ಜಾತಿ ಪತ್ರವನ್ನೂ ಹೊಂದಿಸಿಕೊಳ್ಳಿ. ಇದು ಗೊತ್ತಿಲ್ಲದೆ ಒಬ್ಬ ಹುಡುಗಿ ಆಧಾರನ್ನು ಜಾತಿ ಪತ್ರಕ್ಕೆ ಹೊಂದಿಸಿಕೊಂಡು ಬಂದಳು. ಆಮೇಲೆ ಎರಡನ್ನೂ ಇನ್ನೊಮ್ಮೆ ತಿದ್ದಿಸಬೇಕಾಯಿತು.

ಖರ್ಚಿನ ಮಾತು ಹೇಳಲೇಬೇಕು. ಎಸ್‌ಎಸ್‌ಪಿ ಅರ್ಜಿಗೆ ಶುಲ್ಕ ಇಲ್ಲ. ನಾಡಕಚೇರಿಯ ಶುಲ್ಕವೂ ತುಂಬ ಕಡಿಮೆ. ಆದರೆ ನಮ್ಮ ಊರಿನ ಒಂದು ಸೈಬರ್‌ನಲ್ಲಿ ಒಂದು ಅರ್ಜಿಗೆ 250 ರೂಪಾಯಿ ತೆಗೆದುಕೊಂಡಿದ್ದರು, ಆಮೇಲೆ ‘ತಿದ್ದುಪಡಿ’ ಅಂತ ಇನ್ನೊಂದು 100. ಪಾಸ್‌ವರ್ಡನ್ನೂ ಅವರೇ ಇಟ್ಟುಕೊಂಡಿದ್ದರು. ಪ್ರತಿ ಸಲ ಸ್ಟೇಟಸ್ ನೋಡಲು ಮಕ್ಕಳು ಅಲ್ಲಿಗೇ ಹೋಗಬೇಕಿತ್ತು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಉಚಿತ, ಅವರು ಹೇಗೋ ಓಡಾಡಿದರು. ಹುಡುಗರು ನಾಡಕಚೇರಿಗೆ ನಾಲ್ಕು ಸಲ ಹೋಗಿ ಬಂದರೆ ಬಸ್ಸಿಗೇ ಮುನ್ನೂರು. ಒಂದು ದಿನ ಹೊಲದ ಕೆಲಸ ತಪ್ಪಿದರೆ ಕೂಲಿ ಹೋಯಿತು. ಈ ಲೆಕ್ಕ ಹಾಕಿ, ‘ಬರೋದು ಅಷ್ಟು, ಓಡಾಟಕ್ಕ ಇಷ್ಟು, ಬ್ಯಾಡ ಬಿಡ್ರೀ’ ಅಂದವರು ಕಡಿಮೆ ಇಲ್ಲ. ನಾನು ಕಾಲೇಜಿನ ಎರಡು ಕಂಪ್ಯೂಟರನ್ನು ಸಂಜೆ ಐದೂವರೆವರೆಗೆ ಇದಕ್ಕೇ ಬಿಡಿಸಿಕೊಂಡೆ. ಕಾಲೇಜಿನ ನೆಟ್ ಇಲ್ಲದ ದಿನ ನನ್ನ ಫೋನಿನಿಂದ ಹಾಟ್‌ಸ್ಪಾಟ್. ಕೊನೆಯ ವರ್ಷದ ಮೂವರು ಹುಡುಗಿಯರು ತಾವಾಗಿಯೇ ಬಂದು ಅರ್ಜಿ ತುಂಬಿಸಲು ಕೂತರು. ಅವರು ಹೇಳಿದರೆ ಮಕ್ಕಳು ಬೇಗ ತಿಳಿದುಕೊಳ್ಳುತ್ತಿದ್ದರು. ಪಾಸ್‌ವರ್ಡನ್ನು ಮಗು ತನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತಾನೇ ಬರೆದುಕೊಳ್ಳಬೇಕು ಅಂತ ನಿಯಮ ಮಾಡಿದೆವು.

ಸೆಪ್ಟೆಂಬರ್ ಪೂರ್ತಿ ದಾಖಲೆಗಳ ಇ-ದೃಢೀಕರಣ. ಮೂಲ ದಾಖಲೆ ನೋಡಿ ನಾನು ಒಪ್ಪಿಗೆ ಕೊಟ್ಟರೆ ಒಂದು ನಂಬರ್ ಬರುತ್ತದೆ, ಅದನ್ನು ಮಗು ಅರ್ಜಿಯಲ್ಲಿ ಹಾಕಬೇಕು. ಕೆಲಸ ಕಷ್ಟದ್ದಲ್ಲ, ಆದರೆ ಮೂಲ ದಾಖಲೆ ಇರಬೇಕಲ್ಲ? ಇಬ್ಬರು ಹುಡುಗರ ಪಿಯುಸಿ ಅಂಕಪಟ್ಟಿ ಹಿಂದಿನ ಕಾಲೇಜಿನಲ್ಲೇ ಇತ್ತು. ಫೀ ಬಾಕಿ ಇದೆ ಅಂತ ಕೊಟ್ಟಿರಲಿಲ್ಲ. ಮಕ್ಕಳು ಇದನ್ನು ಎರಡು ತಿಂಗಳು ಬಾಯಿಬಿಟ್ಟು ಹೇಳಿರಲಿಲ್ಲ. ನಮ್ಮ ಆಫೀಸಿನ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಸರ್ ಆ ಕಾಲೇಜಿನ ಆಫೀಸಿಗೆ ಫೋನ್ ಮಾಡಿ ಮಾತಾಡಿದರು. ಸಿಟ್ಟಿಲ್ಲ, ಜೋರಿಲ್ಲ. ಆಫೀಸಿನವರ ಮಾತು ಆಫೀಸಿನವರಿಗೆ ತಿಳಿಯುತ್ತದೆ. ಒಂದು ವಾರದಲ್ಲಿ ಎರಡೂ ಅಂಕಪಟ್ಟಿ ಬಂದವು. ನಾನು ಮಾತಾಡಿದ್ದರೆ ಜಗಳ ಆಗುತ್ತಿತ್ತೇನೋ. ಈ ಕೆಲಸ ನನ್ನ ಹಾಗೆ ಹೊಣೆ ಹೊತ್ತ ಒಬ್ಬ ನೋಡಲ್ ಅಧಿಕಾರಿಯಿಂದ ಆಗುವುದಲ್ಲ. ಆಫೀಸು, ಲೈಬ್ರರಿ, ಅಟೆಂಡರ್ ಎಲ್ಲರೂ ಸೇರಬೇಕು. ಪಾಠದ ಗಂಟೆಗಳು ಹಾಗೇ ಇರುತ್ತವೆ, ಅದರ ಮೇಲೆ ಇದು. ಪ್ರತಿ ಸರ್ಕಾರಿ ಕಾಲೇಜಿಗೂ ಇದೊಂದೇ ಕೆಲಸಕ್ಕೆ ಒಬ್ಬರು ಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಹಾಸ್ಟೆಲ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹಾಸ್ಟೆಲ್ ಸೀಟು ಸಿಗದವರಿಗೆ ವಿದ್ಯಾಸಿರಿ ಇದೆ. ಊಟ, ವಸತಿಗೆ ತಿಂಗಳು ತಿಂಗಳು ಇಷ್ಟು ಅಂತ ವರ್ಷಕ್ಕೆ ಹತ್ತು ತಿಂಗಳು ಹಣ ಕೊಡುತ್ತಾರೆ. ಮನೆಯಿಂದ ಕಾಲೇಜು 5 ಕಿಲೋಮೀಟರಿಗಿಂತ ಜಾಸ್ತಿ ದೂರ ಇರಬೇಕು. ‘ಸೀಟು ಹೇಗೂ ಸಿಗಲ್ಲ’ ಅಂತ ಹಾಸ್ಟೆಲಿಗೆ ಅರ್ಜಿಯನ್ನೇ ಹಾಕದೆ ಸುಮ್ನೆ ಇರಬೇಡಿ. ಮೊದಲು ಅದಕ್ಕೆ ಹಾಕಿ, ಸ್ವೀಕೃತಿಯನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.

ಬೇರೆ ಬಾಗಿಲುಗಳನ್ನೂ ಕೇಳಿ ನೋಡಿ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಮೊದಲ ವರ್ಷಕ್ಕೆ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನಿಂದ ವರ್ಷಕ್ಕೆ 30,000 ಇದೆ. ನಮ್ಮ ಕಡೆಯ ಮಕ್ಕಳಿಗೆ ಅದು ಬಹಳ ದೊಡ್ಡ ಮೊತ್ತ. ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಶುರುವಾದಾಗ ಪದವಿಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ಅಂತ ಇಟ್ಟಿದ್ದರು. ಅದಕ್ಕೆ ಅಪ್ಪನ ರೈತ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಬೇಕು. ಗುಳೆ ಹೋದ ಅಪ್ಪನ ಹತ್ತಿರ ಕಟ್ಟಡ ಕಾರ್ಮಿಕರ ಕಾರ್ಡ್ ಇದೆಯಾ ಅಂತ ತಪ್ಪದೇ ಕೇಳಿ. ಇದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನಕ್ಕೆ ಅರ್ಜಿ ಹಾಕಬಹುದು. ನಮ್ಮಲ್ಲಿ ಹನ್ನೊಂದು ಮಕ್ಕಳ ಮನೆಯಲ್ಲಿ ಆ ಕಾರ್ಡು ಟ್ರಂಕಿನಲ್ಲಿ ಸುಮ್ಮನೆ ಬಿದ್ದಿತ್ತು.

ದಸರಾ ರಜೆ ಮುಗಿದ ಮೇಲೆ ಒಬ್ಬ ಹುಡುಗಿ ಕ್ಲಾಸಿಗೆ ಬರಲಿಲ್ಲ. ಎರಡನೇ ಬೆಂಚಿನಲ್ಲಿ ಕೂರುತ್ತಿದ್ದಳು, ಅಕ್ಷರ ಮುತ್ತಿನ ಹಾಗೆ. ಮೂರು ವಾರ ಆಯಿತು. ಗೆಳತಿಯರನ್ನು ಕೇಳಿದರೆ ತಲೆ ತಗ್ಗಿಸಿದರು. ಫೋನ್ ಸ್ವಿಚ್ ಆಫ್. ನಮ್ಮ ಕಾಲೇಜಿನ ಅಟೆಂಡರ್ ಅಕ್ಕನಿಗೆ ಆ ಕಡೆಯ ಹಳ್ಳಿಗಳೆಲ್ಲ ಗೊತ್ತು. ‘ನಡೀರಿ ಮೇಡಂ, ಹೋಗಿ ನೋಡೇ ಬರೋಣು’ ಅಂದರು. ಒಂದು ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೊರಟೆವು.

ಮನೆಯಲ್ಲಿ ಅಜ್ಜಿ ಒಬ್ಬಳೇ ಇದ್ದಳು. ‘ಅಕಿ ಹತ್ತಿ ಬಿಡಸಾಕ ಹೋಗ್ಯಾಳ್ರೀ’ ಅಂದಳು. ಕೂರಿಸಿ ನೀರು ಕೊಟ್ಟಳು. ಹೊತ್ತು ಮುಳುಗುವಾಗ ಹುಡುಗಿ ಬಂದಳು. ತಲೆಗೆ ಟವೆಲ್ ಸುತ್ತಿದ್ದಳು, ಬೆರಳುಗಳ ತುಂಬ ಹತ್ತಿಕಾಯಿ ತರಚಿದ ಗೆರೆ. ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಥೇಟ್ ನನ್ನಪ್ಪ ನಿಂತ ಹಾಗೆ.

ವಿಷಯ ಹೊರಗೆ ಬರಲು ಅರ್ಧ ಗಂಟೆ ಬೇಕಾಯಿತು. ಅಡ್ಮಿಶನ್ ಫೀಗೆ ಅವಳ ಅವ್ವ ಸಂಘದಲ್ಲಿ ಸಾಲ ಎತ್ತಿದ್ದರು. ಸ್ಕಾಲರ್‌ಶಿಪ್ ಬಂದಾಗ ತೀರಿಸೋಣ ಅಂತ ಮಾತಾಗಿತ್ತು. ಹುಡುಗಿ ಆಗಸ್ಟಿನಲ್ಲಿ ತಾನೇ ಸೈಬರಿಗೆ ಹೋಗಿ ಅರ್ಜಿ ಹಾಕಲು ನೋಡಿದ್ದಳು. ‘ನನಗ ಬರಂಗಿಲ್ಲಂತ್ರೀ ಮೇಡಂ. ಕಂಪ್ಯೂಟರ್‌ನ್ಯಾಗೇ ಬಂತ್ರೀ’ ಅಂದಳು. ಸರ್ಕಾರವೇ ಇಲ್ಲ ಅಂದ ಮೇಲೆ ಯಾರನ್ನು ಕೇಳುವುದು? ಸಾಲ ತಾನೇ ತೀರಿಸಬೇಕು ಅಂತ ಹೊಲಕ್ಕೆ ಹೋಗಿದ್ದಳು. ಟೇಬಲ್ಲಿಗೆ ಕರೆದಾಗ, ‘ಆಗ್ಯಾದ್ರೀ’ ಅಂತ ನನಗೆ ಸುಳ್ಳು ಹೇಳಿದ್ದಳು. ಆ ದಿನ ನಾನು ಆತುರದಲ್ಲಿದ್ದೆ, ಅವಳ ಫೋನ್ ತೆಗೆಸಿ ನೋಡಲಿಲ್ಲ.

ಅವಳು ಫೋಟೊ ತೆಗೆದು ಇಟ್ಟುಕೊಂಡಿದ್ದ ಆ ಕೆಂಪು ಸಾಲನ್ನು ನೋಡಿದೆ. ಆದಾಯ ಪತ್ರದ ಅವಧಿ ಮುಗಿದಿದೆ ಅಂತ ಇತ್ತು. ಅಷ್ಟೇ. ಹೊಸ ಪತ್ರ ತಂದರೆ ಆಗುವ ಕೆಲಸ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆಯಲ್ಲಿ ಓದಿದವರಿರುವ ಮಗು ಆ ಸಾಲನ್ನು ನೋಡಿದರೆ, ‘ಏನೋ ತಪ್ಪಾಗಿದೆ, ಸರಿ ಮಾಡೋಣ’ ಅಂದುಕೊಳ್ಳುತ್ತದೆ. ಈ ಮಗು ಅದನ್ನು ತೀರ್ಪು ಅಂತ ಓದಿತು. ನಾನೂ ಹದಿನೆಂಟರಲ್ಲಿ ಹಾಗೇ ಓದಿದ್ದೆ. ಸೋಮವಾರದಿಂದ ಟೇಬಲ್ಲಿನ ಮೇಲೆ ಒಂದು ರಟ್ಟು ನಿಲ್ಲಿಸಿದೆ. ಸಾಮಾನ್ಯವಾಗಿ ಬರುವ ಎಂಟು ಇಂಗ್ಲಿಷ್ ಸಂದೇಶಗಳು, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ, ಅದರ ಪಕ್ಕದಲ್ಲಿ ಎಲ್ಲಿಗೆ ಹೋಗಬೇಕು ಅನ್ನುವುದು. ನೀವೂ ನಿಮ್ಮ ಕಾಲೇಜಿನಲ್ಲಿ ಮಾಡಿ. ಅರ್ಧ ಗಂಟೆಯ ಕೆಲಸ. ಕೆಂಪು ಸಾಲು ಬಂದರೆ ಫೋಟೊ ತೆಗೆದುಕೊಂಡು ನೇರ ಇಲ್ಲಿಗೆ ಬನ್ನಿ ಅಂತ ಎಲ್ಲ ಕ್ಲಾಸಿಗೂ ಹೋಗಿ ಹೇಳಿದೆ. ಆ ವಾರ 40 ಫೋಟೊ ಬಂದವು.

ಹುಡುಗಿಯ ಹೊಸ ಆದಾಯ ಪತ್ರಕ್ಕೆ ಮೂರು ವಾರ ಹಿಡಿಯಿತು. ಗ್ರಾಮ ಆಡಳಿತ ಅಧಿಕಾರಿ ರಜೆಯಲ್ಲಿದ್ದರು, ಆಮೇಲೆ ಕಂದಾಯ ನಿರೀಕ್ಷಕರ ಹಂತದಲ್ಲಿ ನಿಂತಿತು. ಅರ್ಜಿಯ ಕೊನೆಯ ದಿನ ಮುಂದಕ್ಕೆ ಹೋಗಿದ್ದರಿಂದ ಅವಳು ಉಳಿದಳು. ದಿನಾಂಕ ಹೇಗೂ ಮುಂದೆ ಹೋಗುತ್ತದೆ ಅಂತ ನಂಬಿಕೊಂಡು ಮಾತ್ರ ಯಾರೂ ಕೂರಬೇಡಿ. ನಾವು ಕೂತಿರಲಿಲ್ಲ, ಪ್ರತಿದಿನ ಹೆದರಿಕೊಂಡೇ ಇದ್ದೆವು.

ಡಿಸೆಂಬರಿನಲ್ಲಿ ಎಲ್ಲ ಮುಗಿಯಿತು ಅಂದುಕೊಂಡಾಗ ಶುರುವಾಗಿದ್ದು ಬ್ಯಾಂಕಿನ ಕಥೆ. ಹಣ ಬರುವುದು ಪಾಸ್‌ಬುಕ್ಕಿನಲ್ಲಿ ಬರೆದ ಖಾತೆಗೆ ಅಂತ ಮಕ್ಕಳು ತಿಳಿದಿರುತ್ತಾರೆ. ಹಾಗಲ್ಲ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಸೀಡಿಂಗ್, ಅಂದರೆ ಜೋಡಣೆ, ಆಗಿದೆಯೋ ಆ ಖಾತೆಗೆ ಹೋಗುತ್ತದೆ. ಬ್ಯಾಂಕಿಗೆ ಆಧಾರ್ ಝೆರಾಕ್ಸ್ ಕೊಟ್ಟಿದ್ದೇನೆ ಅಂದರೆ ಸೀಡಿಂಗ್ ಆಗಿದೆ ಅಂತ ಅರ್ಥ ಅಲ್ಲ. ಅದಕ್ಕೆ ಬೇರೆ ಒಪ್ಪಿಗೆ ಫಾರಂ ಕೊಡಬೇಕು. ಇದನ್ನು ಅಮ್ಮಂದಿರಿಗೆ ತಿಳಿಸಲು ನನಗೆ ಸುಲಭದ ದಾರಿ ಸಿಕ್ಕಿತು. ‘ಗೃಹಲಕ್ಷ್ಮಿ ದುಡ್ಡು ನಿಮ್ಮ ಆಧಾರ್ ಹಿಡಿದು ಬಂತಲ್ವಾ, ಇದೂ ಹಾಗೇ’ ಅಂದರೆ ತಕ್ಷಣ ತಿಳಿಯುತ್ತಿತ್ತು.

ಆಧಾರ್‌ನ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಬಹುದು. ಯಾವ ಬ್ಯಾಂಕು, ಸಕ್ರಿಯ ಇದೆಯೋ ಇಲ್ಲವೋ ಅಂತ ತೋರಿಸುತ್ತದೆ. ನೋಡಿದಾಗ 38 ಮಕ್ಕಳಿಗೆ ಸೀಡಿಂಗ್ ಇರಲಿಲ್ಲ, ಅಥವಾ ನಿಂತುಹೋಗಿತ್ತು. 9 ಜನರಿಗೆ ತಾವು ಕೇಳೇ ಇಲ್ಲದ ಬ್ಯಾಂಕಿನ ಹೆಸರು. ಓಟಿಪಿಗೆ ನಾಲ್ಕು ದಿನ ಕಾದಿದ್ದ ಆ ಹುಡುಗನೂ ಅವರಲ್ಲೊಬ್ಬ. ಹೊಸ ಸಿಮ್ ಕೊಳ್ಳುವಾಗ ಅಂಗಡಿಯಲ್ಲಿ ಎರಡೆರಡು ಸಲ ಬೆರಳು ಒತ್ತಿಸಿದ್ದರಂತೆ. ಒಂದು ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದು ಆಧಾರ್ ಅಲ್ಲಿಗೆ ಹೋಗಿತ್ತು. ನಾನು ಮಕ್ಕಳನ್ನು ಐದೈದು ಜನರ ಗುಂಪು ಮಾಡಿ ಬ್ಯಾಂಕಿಗೆ ಕಳಿಸಿದೆ. ‘ನಾಳೆ ಬಾ’ ಅನ್ನಿಸಿಕೊಂಡು ವಾಪಸ್ ಬಂದರು. ಮೂರನೇ ಸಲ ನಾನೇ ಜೊತೆಗೆ ಹೋದೆ. ಅವತ್ತೇ ಫಾರಂ ತೆಗೆದುಕೊಂಡರು. ಯಾಕೆ ಹೀಗೆ ಅಂತ ನನಗೆ ಬಹಳ ಬೇಜಾರಾಯಿತು. ಅದೇ ಫಾರಂ, ಅದೇ ಮಕ್ಕಳು. ಆಮೇಲಿಂದ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪ್ರಿನ್ಸಿಪಾಲರ ಸಹಿ ಮಾಡಿಸಿ ಒಂದು ಪತ್ರ ಕೊಟ್ಟು ಕಳಿಸುತ್ತಿದ್ದೆ. ಅದು ಕೆಲಸ ಮಾಡಿತು. ಖಾತೆಯೇ ಇಲ್ಲದವರಿಗೆ ಪೋಸ್ಟ್ ಆಫೀಸಿನ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ಮಾಡಿಸಿದೆವು. ಸೀಡಿಂಗೂ ಬೇಗ ಆಯಿತು.

ಜನವರಿಯಿಂದ ಕಾಯುವುದೇ ಕೆಲಸ. ಮಕ್ಕಳು ಕಾರಿಡಾರಿನಲ್ಲಿ ಸಿಕ್ಕಾಗೆಲ್ಲ, ‘ಯಾವಾಗ ಬರ್ತದ್ರೀ ಮೇಡಂ?’ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದೆ. ಇಂಥ ದಿನ ಬರುತ್ತದೆ ಅಂತ ಸಮಾಧಾನಕ್ಕೆ ಸುಳ್ಳು ಹೇಳಿದರೆ ಅವರು ಅದರ ಮೇಲೆ ಸಾಲ ಮಾಡುತ್ತಾರೆ. ಪ್ರತಿ ಶುಕ್ರವಾರ ಪಟ್ಟಿ ತೆರೆದು ಸ್ಟೇಟಸ್ ನೋಡಿ, ಬದಲಾದವರಿಗೆ ಮಾತ್ರ ಹೇಳಿ ಕಳಿಸುತ್ತಿದ್ದೆ.

ಮಾರ್ಚ್ ಕೊನೆಯಲ್ಲಿ ಹಣ ಒಬ್ಬೊಬ್ಬರಿಗೆ ಬರತೊಡಗಿತು. ಹತ್ತಿ ಬಿಡಿಸಲು ಹೋಗಿದ್ದ ಹುಡುಗಿಗೆ ಏಪ್ರಿಲ್ 11ಕ್ಕೆ ಬಂತು. ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ನೇರ ಲೈಬ್ರರಿಗೆ ಬಂದಳು, ಜೊತೆಗೆ ಅವ್ವ. ಅವ್ವ ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದರು. ಬೇಡ ಅಂತ ಕೈ ಹಿಡಿದು ಒಳಗೆ ಕರೆದುಕೊಂಡು ಬಂದು ಎದುರಿನ ಕುರ್ಚಿಯಲ್ಲಿ ಕೂರಿಸಿದೆ. ಸಂಘದ ಸಾಲ ಇನ್ನು ಎರಡು ಕಂತು ಬಾಕಿ ಇದೆಯಂತೆ. ಹುಡುಗಿ ಎರಡನೇ ಸೆಮಿಸ್ಟರ್ ಪರೀಕ್ಷೆಗೆ ಫೀ ಕಟ್ಟಿದ್ದಾಳೆ.

ಮೊದಲ ವರ್ಷದ 140ರಲ್ಲಿ ಅರ್ಜಿ ಪೂರ್ತಿಯಾಗಿದ್ದು 127. ಹಣ ಬಂದಿದ್ದು 104 ಜನರಿಗೆ. ಮೂವರು ಕಾಲೇಜು ಬಿಟ್ಟೇ ಹೋದರು. ಅವರಲ್ಲಿ ಇಬ್ಬರ ಮನೆಗೆ ನಾನು ಹೋಗಿ ಬಂದೆ, ಮದುವೆ ಆಗಿತ್ತು. ಇನ್ನೊಬ್ಬ ಪುಣೆಯಲ್ಲಿದ್ದಾನೆ, ಫೋನ್ ಎತ್ತುತ್ತಿಲ್ಲ.

ಬಾಕಿ ಇರುವ 23ರಲ್ಲಿ ಆ ಓಟಿಪಿ ಹುಡುಗನೂ ಇದ್ದಾನೆ. ಸೀಡಿಂಗ್ ಬದಲಿಸಲು ಜನವರಿಯಲ್ಲೇ ಫಾರಂ ಕೊಟ್ಟಿದ್ದ. ಮೊನ್ನೆ ನೋಡಿದರೆ ಇನ್ನೂ ಹಳೆಯ ಬ್ಯಾಂಕೇ ತೋರಿಸುತ್ತಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಬ್ಯಾಂಕಿಗೆ ಹೋಗುತ್ತಿದ್ದೇವೆ. ಮೂಲ ಆಧಾರ್, ಪಾಸ್‌ಬುಕ್, ಹೋದ ಸಲದ ಫಾರಂ ಝೆರಾಕ್ಸ್ ತಾ ಅಂತ ಹೇಳಿದ್ದೇನೆ. ಅವನ ಅಪ್ಪ ಹಬ್ಬಕ್ಕೆ ಊರಿಗೆ ಬಂದಿದ್ದಾರಂತೆ, ತಾವೂ ಬರುತ್ತೇನೆ ಅಂದಿದ್ದಾರೆ.